ಒಂದೇ ಬೇರಿಂಗಿಗೆ ಐದು ಹೆಸರು

ಅವರ ಎಡಗೈ ಹೆಬ್ಬೆರಳು ೬೨೦೫ನೇ ನಂಬರಿನ ಬೇರಿಂಗಿನ ತೂತಿನೊಳಗೆ ಹೇಳಿ ಮಾಡಿಸಿದ ಹಾಗೆ ಕೂಡುತ್ತಿತ್ತು. ತೋರುಬೆರಳಿಗೆ ಬಿಗಿಯಾಗಿ ಕೂತರೆ ಅದು ೬೨೦೪. ಉಗುರುಗಳು ಸೀಳಿ, ಗ್ರೀಸು ಚರ್ಮದ ಗೆರೆಗಳೊಳಗೆ ಇಳಿದು ಕಪ್ಪಾಗಿದ್ದ ಬೆರಳುಗಳು ಅವು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ಒಂದು ಸುತ್ತು ತಿರುಗಿಸಿ, "ಇದು ಹೊಸಾದಲ್ಲ, ತೊಳದು ಡಬ್ಬಿಗೆ ಹಾಕ್ಯಾರ" ಎಂದು ಬದಿಗಿಡುತ್ತಿದ್ದರು. ಆಮೇಲೆ ಅಳತೆಪಟ್ಟಿ ಹಿಡಿದು ನೋಡಿದವರು ಯಾರೂ ಅವರ ಮಾತನ್ನು ಸುಳ್ಳು ಮಾಡಿದ್ದು ನಾನು ಕಂಡಿಲ್ಲ.

ಬ್ಯಾಡಗಿಯ ಹೊರಗೆ, ಮೆಣಸಿನಕಾಯಿ ಪುಡಿ ಮಾಡಿ ಅದರ ಬಣ್ಣ ತೆಗೆಯುವ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್ ಕೀಪರ್. ಯಂತ್ರಗಳ ಬಿಡಿಭಾಗಗಳೆಲ್ಲ ಅವರ ಸುಪರ್ದಿಯಲ್ಲಿ ಇರುತ್ತಿದ್ದವು. ಎಲ್ಲರೂ ಅವರನ್ನು ಸ್ಟೋರ್ ಕಾಕಾ ಅನ್ನುತ್ತಿದ್ದರು. ಊರು ಮೇಡ್ಲೇರಿ. ದಿನಾ ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ನಾನು ಕರ್ಜಗಿಯವಳು. ಹಾವೇರಿಯಲ್ಲಿ ಬಿ.ಕಾಂ. ಮುಗಿಸಿ, ಖರೀದಿ ವಿಭಾಗದಲ್ಲಿ ಟೈಪು ಮಾಡಲು ಸೇರಿದ್ದೆ. ಬೋಲ್ಟಿಗೂ ಸ್ಕ್ರೂವಿಗೂ ವ್ಯತ್ಯಾಸ ಗೊತ್ತಿಲ್ಲದ ನನ್ನನ್ನು ನೋಡಿ ಅವರು ಒಂದು ದಿನವೂ ನಗಲಿಲ್ಲ. "ತಂಗೀ, ಇಲ್ಲಿ ಬಾ. ಇದನ್ನ ಕೈಯಾಗ ಹಿಡದು ನೋಡು. ಹಿಡದು ನೋಡಿದ್ದು ಮರಿಯೂದಿಲ್ಲ" ಅನ್ನುತ್ತಿದ್ದರು.

ಇಂಥವರಿಗೆ ನಾನು ಮಾಡಿದ್ದೇನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ನಾನು ಒಳ್ಳೆಯವಳಂತೆ ಕಾಣಿಸಿಬಿಡುತ್ತೇನೆ.

ಅವರ ಮಗಳ ಲಗ್ನ ನಿಶ್ಚಯವಾಗಿತ್ತು. ಒಂದು ದಿನ ಬಟ್ಟೆ ಚೀಲದ ತುಂಬ ಲಗ್ನಪತ್ರಿಕೆ ತಂದು, ಕಾರ್ಖಾನೆಯಲ್ಲಿ ಪ್ರತಿಯೊಬ್ಬರಿಗೂ ಕೈಯಾರೆ ಕೊಟ್ಟರು. ನನ್ನದರ ಮೇಲೆ ಅರಿಶಿನ ಹಚ್ಚಿ, ನಮ್ಮ ಅಪ್ಪನ ಹೆಸರು ಬರೆದು ಕೊಟ್ಟಿದ್ದರು. ಸಂಜೆ ಉಳಿದ ಪತ್ರಿಕೆಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಮುಂದೆ ಎಂಟು ದಿನ ರಜೆ ಹಾಕಿದರು, ಲಗ್ನ ಮಾಡಿದರು, ತಿರುಗಿ ಬಂದರು.

ತಿಂಗಳ ಮೇಲೆ ಸ್ಟೋರಿನ ಲೆಕ್ಕ ತಪಾಸಣೆಯಾಯಿತು. ಬಂದಿದೆ ಎಂದು ಕಾಗದ ಹೇಳುವ ಮಾಲಿಗೂ ಕಪಾಟಿನಲ್ಲಿರುವ ಮಾಲಿಗೂ ತಾಳೆಯಾಗಲಿಲ್ಲ. ಬೇರಿಂಗು, ಬೆಲ್ಟು, ಪುಡಿ ಯಂತ್ರದ ಜಾಳಿಗೆ, ಎಲ್ಲದರಲ್ಲೂ ಕೊರತೆ. ಖರೀದಿ ವಿಭಾಗದ ಮುಖ್ಯಸ್ಥರು, ನಾವೆಲ್ಲ ಸಾಹೇಬರು ಅನ್ನುತ್ತಿದ್ದವರು, ನನ್ನನ್ನು ಕೋಣೆಗೆ ಕರೆದರು. ನನ್ನ ಕೆಲಸ ಖಾಯಂ ಆಗಲು ಎರಡು ವಾರ ಬಾಕಿ ಇತ್ತು. ಅದರ ಕಾಗದ ಅವರ ಮೇಜಿನ ಮೇಲೇ ಇತ್ತು.

"ಕಾಕಾ ಚೀಲ ಹೊತ್ಕೊಂಡು ಹೋಗಿದ್ದನ್ನ ನೀ ನೋಡಿದ್ದಿಲ್ಲ?" ಎಂದು ಕೇಳಿದರು.

"ನೋಡೇನಿ ಸರ್. ಆದ್ರ ಅದರಾಗ..."

"ಅದರಾಗ ಏನಿತ್ತು ಅಂತ ನಾ ಕೇಳಿಲ್ಲ. ಚೀಲ ನೋಡಿದ್ದು ಖರೇ ಹೌದಲ್ಲ? ಅಷ್ಟ ಬರಿ. ಸುಳ್ಳೇನೈತಿ ಅದರಾಗ?"

ಬರೆದೆ. 'ಭಾರವಾದ ಚೀಲ' ಎಂದು ಅವರೇ ಒಂದು ಪದ ಸೇರಿಸಿದರು. ಅದನ್ನೂ ಟೈಪು ಮಾಡಿ ಸಹಿ ಹಾಕಿದೆ. ಮಾಲಕರ ಎದುರು ಆ ಹೇಳಿಕೆಯ ಒಂದು ಪ್ರತಿಯನ್ನು ಕಾಕಾನ ಕೈಗೆ ಕೊಟ್ಟರು. ಕಾಕಾ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಕೆಳಗಿನ ಸಹಿಯ ಹತ್ತಿರ ಬಂದು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಚೀಲದಾಗ ಏನಿತ್ತು ಅನ್ನೂದು ನಿಮಗ ಗೊತ್ತಿತ್ತಲ್ಲರಿ, ಬಾಯಾರ" ಅಂದರು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು, ನರ್ಸುಗಳನ್ನು ಗೌರವದಿಂದ ದೂರ ನಿಂತು ಕರೆಯುವ ಮಾತು ಅದು, ಬಾಯಾರ. ತಂಗಿ ಅನ್ನುವುದು ಅಂದಿಗೆ ಮುಗಿಯಿತು. ಪೊಲೀಸರಿಗೆ ಕೊಡುವುದಿಲ್ಲ, ಸುಮ್ಮನೆ ಹೋಗಿ ಎಂದು ಮಾಲಕರು ದೊಡ್ಡ ಮನಸ್ಸು ತೋರಿಸಿದರು. ಕಾಕಾ ಹೋದರು. ನನ್ನ ಕೆಲಸ ಖಾಯಂ ಆಯಿತು.

ಸುದ್ದಿ ಹಾವೇರಿ ಆಚೆಯ ಹಳ್ಳಿಯಲ್ಲಿದ್ದ ಬೀಗರ ಮನೆಯನ್ನು ಮುಟ್ಟಲು ವಾರವೂ ಹಿಡಿಯಲಿಲ್ಲ. ನಾಗರಪಂಚಮಿಗೆ ಮಗಳನ್ನು ಕರೆತರಲು ಹೋದ ಕಾಕಾನನ್ನು ಬೀಗರು ಅಂಗಳದಲ್ಲೇ ನಿಲ್ಲಿಸಿ, "ಕಳವು ಮಾಡಿದವರ ಮನಿಗೆ ನಮ್ಮ ಸೊಸಿನ್ನ ಕಳಸೂದಿಲ್ಲ" ಎಂದು ವಾಪಸು ಕಳಿಸಿದರು. ಮದುವೆಯಾದ ಮೊದಲ ವರ್ಷದ ಪಂಚಮಿ ಅದು. ಮುಂದಿನ ವರ್ಷವೂ ಕಳಿಸಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ.

ನಾಲ್ಕು ವರ್ಷದ ನಂತರ ಮಾಲಕರು ಖರೀದಿಯನ್ನೆಲ್ಲ, ಹಿಂದಿನ ವರ್ಷಗಳ ಬಿಲ್ಲು ಚೀಟಿಗಳ ಸಮೇತ, ಕಂಪ್ಯೂಟರಿಗೆ ಹಾಕಿಸಿದರು. ಅದಕ್ಕೆ ಮೊದಲು ನಮ್ಮಲ್ಲಿ ನಡೆಯುತ್ತಿದ್ದ ರೀತಿ ಹೀಗೆ: ಯಂತ್ರಗಳ ದುರಸ್ತಿ ನೋಡುವ ಫೋರ್‌ಮನ್‌ರು ಚೀಟಿ ಬರೆದು ಕಳಿಸುತ್ತಿದ್ದರು. ಚೀಟಿ ಸಾಹೇಬರ ಮೇಜಿನ ಮೇಲೆ ನಾಲ್ಕು ದಿನ ಮಲಗುತ್ತಿತ್ತು. ಮೂರು ಅಂಗಡಿಗಳಿಂದ ದರಪಟ್ಟಿ ಬರುತ್ತಿದ್ದವು. ತಲೆಬರಹ ಮೂರು, ಒಳಗಿನ ಅಕ್ಷರ ಒಬ್ಬರದೇ. ಕೊನೆಗೆ ಮಾಲು ಬರುವುದು ರಾಣೆಬೆನ್ನೂರಿನ ಒಂದೇ ಅಂಗಡಿಯಿಂದ, ಅದು ಸಾಹೇಬರ ಹೆಂಡತಿಯ ತಮ್ಮನದು. ಇಷ್ಟಾಗುವಷ್ಟರಲ್ಲಿ ಇಪ್ಪತ್ತು ದಿನ. ಅಲ್ಲಿಯವರೆಗೆ ಯಂತ್ರ ನಿಂತಿರುತ್ತಿತ್ತು. ಹೊಸ ಪದ್ಧತಿಯಲ್ಲಿ ಬೇಕಾದ ಮಾಲನ್ನು ಬೆಳಿಗ್ಗೆ ಇಂಟರ್ನೆಟ್ಟಿನ ಪೋರ್ಟಲ್ಲಿಗೆ ಹಾಕಿದರೆ ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿ ಯಾವ ಊರಿನವರಾದರೂ ಸಂಜೆಯೊಳಗೆ ದರ ಹಾಕಬಹುದು, ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ, ಯಾರನ್ನಾದರೂ ತಳ್ಳಿಹಾಕಿದರೆ ಕಾರಣ ಬರೆಯಲೇಬೇಕು ಎಂದು ಪುಣೆಯಿಂದ ಬಂದ ಕಂಪ್ಯೂಟರ್ ಕಂಪನಿಯವರು ಪರದೆಯ ಮೇಲೆ ತೋರಿಸಿದರು.

ಆದರೆ ಮೊದಲ ಹಂಗಾಮಿನಲ್ಲೇ ಅದು ಕುಸಿಯಿತು. ನಮ್ಮ ಪಟ್ಟಿಯಲ್ಲಿದ್ದ ಹೆಸರುಗಳು 'ಬೇರಿಂಗ್ ದೊಡ್ಡದು', 'ಬೆಲ್ಟ್ ಹಳೇ ಮಷಿನ್ನಿಂದು' ಎಂಬಂಥವು. ದೂರದ ಊರಿನವರಿಗೆ ಏನು ತಿಳಿಯಬೇಕು? 'ಬೇರಿಂಗ್ ದೊಡ್ಡದು' ಎಂದು ಕೇಳಿದ್ದಕ್ಕೆ ಮೂರು ಸಲ ಮೂರು ಅಳತೆಯವು ಬಂದವು. ಮಾರುಕಟ್ಟೆಗೆ ಕೆಂಪು ರಾಶಿ ಸುರಿಯುವ ದಿನಗಳಲ್ಲಿ ಪುಡಿ ಯಂತ್ರ ಒಂಬತ್ತು ದಿನ ನಿಂತಿತು. ಸಾಹೇಬರು ಒಳಗೊಳಗೇ ನಗುತ್ತಿದ್ದರು. "ನಮ್ಮ ಕಡೆ ಇದು ನಡಿಯೂದಿಲ್ಲ ಸರ್. ಹಳೇ ಪದ್ಧತೀನ ಚಲೋ" ಎಂದು ಮಾಲಕರಿಗೆ ಹೇಳುತ್ತಿದ್ದರು. ಆಗ ಫೋರ್‌ಮನ್‌ರು ಸಿಟ್ಟಿನಿಂದ, "ಸ್ಟೋರ್ ಕಾಕಾ ಇದ್ದಿದ್ರ ಪ್ರತಿ ಮಾಲಿಗೂ ಸರಿಯಾದ ಹೆಸರು, ನಂಬರ್ ಹೇಳ್ತಿದ್ರು" ಅಂದರು. ಮಾಲಕರು ನನ್ನನ್ನೂ ಫೋರ್‌ಮನ್‌ರನ್ನೂ ಕಾರಿನಲ್ಲಿ ಮೇಡ್ಲೇರಿಗೆ ಕಳಿಸಿದರು.

ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪಂಪಿನ ವಾಲ್ವ್ ಬಿಚ್ಚಿ ಒರೆಸುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಕಾಕು, ಅವರ ಹೆಂಡತಿ, ನೀರಿನ ತಂಬಿಗೆಯನ್ನು ಫೋರ್‌ಮನ್‌ರ ಮುಂದಿಟ್ಟು ನನ್ನನ್ನು ನೋಡದೆ ಒಳಗೆ ಹೋದರು.

ಫೋರ್‌ಮನ್‌ರು ಹೇಳುವುದನ್ನೆಲ್ಲ ಕೇಳಿದ ಕಾಕಾ ಕೈ ಒರೆಸಿಕೊಂಡು ಅಂದರು: "ಬರ್ತೇನಿ. ಎರಡು ಕರಾರು. ನಾ ಇಟ್ಟ ಹೆಸರನ್ನ ಯಾರೂ ತಿದ್ದಬಾರ್ದು. ಇನ್ನೊಂದು, ನಾ ಹೇಳಿದ್ದನ್ನ ಟೈಪ್ ಮಾಡೂದು ಈ ಬಾಯಾರೇ ಆಗಬೇಕು."

ಫೋರ್‌ಮನ್‌ರು ಕಾರಿನ ಕಡೆ ನಡೆದ ಮೇಲೆ ನನ್ನೊಬ್ಬಳಿಗೇ ಹೇಳಿದರು. "ಕೆಲಸಕ್ಕ ಬರಾಕತ್ತೇನಿ ಅಂತ ತಿಳ್ಕೋಬ್ಯಾಡ್ರಿ. ಸೇಡಿಗೆ ಬರಾಕತ್ತೇನಿ. ನಾಕು ವರ್ಷ ದಿನಾ ಮುಂಜಾನೆ ನಿಮ್ಮ ಸಹಿ ಇದ್ದ ಕಾಗದ ಓದಿ ಆಮ್ಯಾಲೆ ಚಹಾ ಕುಡದೇನಿ. ಬೇಕಾದ್ರ ಹೋಗಿ ಹೇಳ್ರಿ ನಿಮ್ಮ ಸಾಹೇಬಗ."

ನಾನು ಹೇಳಲಿಲ್ಲ. ಹೆದರಿಕೆಯಿಂದ ಹೇಳಲಿಲ್ಲವೋ, ಆ ಮನುಷ್ಯ ಬೀಳುವುದನ್ನು ನೋಡಬೇಕು ಎಂಬ ಆಸೆಯಿಂದ ಹೇಳಲಿಲ್ಲವೋ, ಇಂದಿಗೂ ಖಚಿತವಾಗಿ ತಿಳಿಯದು. ಆ ನಾಲ್ಕು ವರ್ಷದಲ್ಲಿ ಸಾಹೇಬರು ನನಗೆ ಎಷ್ಟು ಸಲ ಆ ಸಹಿಯ ನೆನಪು ಮಾಡಿ ಬಾಯಿ ಮುಚ್ಚಿಸಿದ್ದರು ಎಂದರೆ, ನನ್ನೊಳಗೂ ಒಂದು ಕೆಂಡ ಕೂತಿತ್ತು.

ಮರುವಾರದಿಂದ ಶುರುವಾಯಿತು. ಸ್ಟೋರಿನ ಉದ್ದ ಮೇಜಿನ ಮೇಲೆ ಒಂದೊಂದೇ ಬಿಡಿಭಾಗ ಇಟ್ಟು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅಳೆದು, ಬೆಳಕಿಗೆ ಹಿಡಿದು ನೋಡಿ, ಅದು ಯಾವ ಯಂತ್ರದ ಯಾವ ಜಾಗದ್ದು ಎಂದು ಹೇಳಿ, "ಬರೀರಿ, ಬಾಯಾರ" ಅನ್ನುತ್ತಿದ್ದರು. ನಾನು ತಪ್ಪು ಒತ್ತಿದರೆ ಬಯ್ಯುತ್ತಿರಲಿಲ್ಲ. "ಮತ್ತೊಮ್ಮೆ" ಅನ್ನುತ್ತಿದ್ದರು, ಅಷ್ಟೆ. ಒಂದು ಗಂಟೆಗೆ ಸರಿಯಾಗಿ ರೊಟ್ಟಿ ಬಿಚ್ಚುತ್ತಿದ್ದರು. ನನ್ನ ಡಬ್ಬಿಯಿಂದ ಒಂದು ತುತ್ತೂ ಮುಟ್ಟಲಿಲ್ಲ, ತಮ್ಮದರಿಂದ ಕೊಡಲೂ ಇಲ್ಲ. ಮುಂಜಾನೆ ಹತ್ತಕ್ಕೆ ಸಾಹೇಬರ ಕಾರು ಬಂದಾಗ ಮಾತ್ರ ಎದ್ದು ಬಾಗಿಲಲ್ಲಿ ನಿಂತು, ಅವರು ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ನೋಡುತ್ತಿದ್ದರು. ಸಾಹೇಬರು ಮೊದಲ ದಿನ ನಕ್ಕರು. ಹತ್ತನೆಯ ದಿನ ಹಿಂದಿನ ಬಾಗಿಲಿನಿಂದ ಒಳಗೆ ಬರತೊಡಗಿದರು.

ಎರಡು ತಿಂಗಳಲ್ಲಿ ಹೆಸರುಗಳು ಒಂದೊಂದಾಗಿ ಕೂಡಿಕೊಂಡವು. ಕಂಪ್ಯೂಟರಿನ ಗುಣವೇ ಅದು. ಐದು ಹೆಸರಿನ ಮಾಲು ಒಂದೇ ನಂಬರಿಗೆ ಬಂತೆಂದರೆ, ಅದರ ಹಿಂದಿನ ಖರೀದಿಯೆಲ್ಲ ತಾನಾಗಿ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತದೆ. ಬೇರಿಂಗ್ ದೊಡ್ಡದು, ಎಲಿವೇಟರಿನ ಬೇರಿಂಗ್, ಬಾಲ್ ಬೇರಿಂಗ್, ಫಾರಿನ್ ಬೇರಿಂಗ್, ಬೇರಿಂಗ್ ಸ್ಪೆಶಲ್. ಐದೂ ಅದೇ ೬೨೦೫. ಐದಕ್ಕೂ ಬೇರೆ ಬೇರೆ ದರ, ಐದೂ ರಾಣೆಬೆನ್ನೂರಿನ ಅದೇ ಅಂಗಡಿಯಿಂದ.

ಕಾಕಾ ಪರದೆಯ ಮುಂದೆ ಬಗ್ಗಿ ನಿಂತು ಎಣಿಸಿದರು. "ಇಡೀ ಕಾರ್ಖಾನ್ಯಾಗ ಈ ಬೇರಿಂಗ್ ಕೂಡ್ರೂ ಜಾಗ ಹನ್ನೊಂದು. ವರ್ಷಕ್ಕ ಎರಡು ಸಲ ಬದಲಿಸಿದ್ರೂ ಇಪ್ಪತ್ತೆರಡು. ನನ್ನ ಕೆಲಸದಿಂದ ತಗದ ವರ್ಷ ಬಂದಾವ ಅಂತ ಬರದಿದ್ದು ನೂರಾ ಎಂಟು. ಎಲ್ಲಿ ಹಾಕಿದ್ರು ಇವನ್ನ? ಕೊಳ್ಳಾಗ ಕಟಗೊಂಡು ಹೋದ್ರೇನು?"

ತಾರೀಕುಗಳನ್ನು ಕಂಡವಳು ನಾನು. ಮಾಲು ಬಂದಿದೆ ಎಂಬ ಚೀಟಿಗಳಲ್ಲಿ ಬಹುಪಾಲು ಆ ವರ್ಷದ ಎಂಟೇ ದಿನದೊಳಗೆ ಬರೆದವು, ಸ್ಟೋರಿನ ಪರವಾಗಿ ಸಾಹೇಬರೇ ಸಹಿ ಮಾಡಿದವು. ಆ ಎಂಟು ದಿನ ಯಾವುವು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವುಗಳ ನಡುವಿನ ಒಂದು ತಾರೀಕು ಅರಿಶಿನ ಹಚ್ಚಿದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬಾರದ ಮಾಲಿಗೆ ಚೀಟಿ ಬರೆದು, ಕಾಕಾ ಮಗಳಿಗೆ ಅಕ್ಷತೆ ಹಾಕುತ್ತಿದ್ದಾಗ ಸಾಹೇಬರು ಅವರ ಕೊರಳಿಗೆ ಈ ಹಗ್ಗ ಹೊಸೆದಿದ್ದರು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಕಾಕಾ ಕನ್ನಡಕ ಒರೆಸಿ ಹಾಕಿಕೊಂಡು ಆ ತಾರೀಕುಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಎಲ್ಲಾನೂ ಛಾಪಿಸ್ರಿ" ಎಂದಷ್ಟೇ ಅಂದರು.

ಮಾರನೆಯ ದಿನ ಮಧ್ಯಾಹ್ನ ಸಾಹೇಬರೇ ಸ್ಟೋರಿಗೆ ಬಂದರು. ಅವರಿಗೆ ವಾಸನೆ ಬಡಿದಿತ್ತು. ಕುರ್ಚಿ ಇದ್ದರೂ ನಿಂತೇ, "ಕಾಕಾ, ಹಳೇದೆಲ್ಲ ಬಿಟ್ಟುಬಿಡ್ರಿ. ನನ್ನ ಮಗಳ ಲಗ್ನ ಗೊತ್ತು ಮಾಡೇನಿ. ನೀವೂ ಹೆಣ್ಣು ಹಡದವರು" ಅಂದರು.

ಕಾಕಾ ತಲೆ ಎತ್ತಿದರು. "ಯಾವಾಗೈತಿ ಲಗ್ನ?"

"ಮುಂದಿನ ತಿಂಗಳು."

"ಆಗಲಿ. ಚಂದಾಗಿ ಮಾಡ್ರಿ. ಲಗ್ನ ಮುಗದು ಹುಡುಗಿ ಗಂಡನ ಮನಿ ಸೇರಲಿ. ಆಮ್ಯಾಲೆ ಹೇಳ್ತೇನಿ ಮಾಲಕರಿಗೆ. ನೀವೂ ಹಂಗ ಮಾಡಿದ್ರಿ, ನನ್ನ ಮಗಳ ಲಗ್ನ ಮುಗಿಯೂತನಕಾ ಕಾಯ್ದಿದ್ರಿ."

ಸಾಹೇಬರ ಮುಖದ ಬಣ್ಣ ಹೋದದ್ದನ್ನು ನೋಡಿದೆ. ನನಗೆ ಖುಷಿಯಾಯಿತು. ಅವರು ಹೋದ ಮೇಲೆ ಆ ಖುಷಿಯೇ ಭಯವಾಯಿತು.

"ಆ ಹುಡುಗಿ ಏನ್ ಮಾಡ್ಯಾಳ್ರಿ ಕಾಕಾ?" ಎಂದೆ.

"ನನ್ನ ಮಗಳೇನು ಮಾಡಿದ್ಲ್ರಿ, ಬಾಯಾರ?" ಅಂದರು.

ಮರುದಿನ ಕಾಕಾ ಬಂದವರೇ ಚೀಲ ಕೆಳಗಿಡದೆ, "ಕಾಗದ ತಗೋರಿ, ಇವತ್ತ ಮಾಲಕರ ಹತ್ರ ಹೋಗೂಣು" ಅಂದರು. ನಾನು ಗಾಬರಿಯಿಂದ ನೋಡಿದೆ. ನೆಲ ನೋಡುತ್ತ ಹೇಳಿದರು: "ಮನ್ಯಾಗ ಹೇಳಿದೆ, ಲಗ್ನ ಆಗೂತನಕಾ ಕಾಯ್ತೇನಿ ಅಂತ. ನಮ್ಮಾಕಿ ನನಗ ಊಟಕ್ಕ ನೀಡಲಿಲ್ಲ. ಅವನ್ನ ಸುಡು, ಆದ್ರ ಒಂದು ಹೆಣ್ಣುಮಗಳು ಪಂಚಮಿಗೆ ತವರಿಗೆ ಬರಲಾರದಂಗ ಮಾಡಿದ್ರ ನಿನ್ನ ಮನ್ಯಾಗ ನಾ ಇರೂದಿಲ್ಲ ಅಂದ್ಲು."

ಮೇಲಿನ ಕೋಣೆಯಲ್ಲಿ ಮಾಲಕರು, ಸಾಹೇಬರು, ಫೋರ್‌ಮನ್‌ರು ಇದ್ದರು. ನಾನು ಕಾಗದಗಳನ್ನು ಮಾಲಕರ ಮುಂದೆ ಇಡಲು ಹೋದೆ. ಕಾಕಾ ತಡೆದರು. "ಕೊಡಬ್ಯಾಡ್ರಿ. ಅವತ್ತ ಬರದವರು ಇವತ್ತ ಓದಲಿ. ನಿಂತು ಓದ್ರಿ. ಜೋರಾಗಿ."

ನಿಂತು ಓದಿದೆ. ಮೊದಲ ಪುಟವನ್ನು ತಲೆ ತಗ್ಗಿಸಿ ಓದಿದೆ. ಎರಡನೆಯದರಲ್ಲಿ ತಲೆ ಎತ್ತಿದೆ. ಮೂರನೆಯ ಪುಟದ ಹೊತ್ತಿಗೆ ಪ್ರತಿ ನಂಬರನ್ನೂ ಹಲ್ಲಿನಲ್ಲಿ ಕಚ್ಚಿ ಹೇಳುತ್ತಿದ್ದೆ. ಸಾಹೇಬರ ಹಣೆಯ ಬೆವರು ಹುಬ್ಬಿಗೆ ಇಳಿದಾಗ ಉದ್ದೇಶಪೂರ್ವಕವಾಗಿ ಓದುವುದನ್ನು ನಿಲ್ಲಿಸಿ, ಅವರು ಒರೆಸಿಕೊಳ್ಳುವವರೆಗೆ ಕಾದು, ಮುಂದುವರಿಸಿದೆ. ಆ ಸುಖವನ್ನು ಸುಳ್ಳು ಎನ್ನಲಾರೆ. ಕೊನೆಗೆ ಕಾಗದದಲ್ಲಿ ಇಲ್ಲದ್ದನ್ನೂ ಹೇಳಿದೆ. "ಕಾಕಾನ ಚೀಲದಾಗ ಮಗಳ ಲಗ್ನಪತ್ರಿಕೆ ಇದ್ದೂ ಸರ್. ಅದು ನನಗ ಸಹಿ ಮಾಡೂ ಮುಂದ ಗೊತ್ತಿತ್ತು."

"ಮತ್ತ ಸಹಿ ಮಾಡಿದ್ಯಾಕ?" ಎಂದು ಮಾಲಕರು ಕೇಳಿದರು.

"ಕೆಲಸ ಹೋಗ್ತೈತಿ ಅಂತ ಹೆದರಿ."

ಸಾಹೇಬರನ್ನು ಆ ವಾರವೇ ಕೆಲಸದಿಂದ ತೆಗೆದರು. ಅಂಗಡಿಯ ಹೆಸರನ್ನು ಪೋರ್ಟಲ್ಲಿನಿಂದ ಅಳಿಸಲಾಯಿತು. ಪಟ್ಟಿ ಶುದ್ಧವಾದ ಮೇಲೆ ಇಪ್ಪತ್ತು ದಿನ ಹಿಡಿಯುತ್ತಿದ್ದ ಮಾಲು ನಾಲ್ಕು ದಿನದಲ್ಲಿ ಬರತೊಡಗಿತು. ಹಿಂದೆ ಗೇಟಿನ ಒಳಗೂ ಪ್ರವೇಶ ಸಿಗದಿದ್ದ ಹಾವೇರಿಯ ಒಂದು ಚಿಕ್ಕ ಲೇತ್ ಅಂಗಡಿಯವರು ಮೊಬೈಲಿನಿಂದಲೇ ದರ ಹಾಕಿ, ಯಾರ ಕಾಲೂ ಹಿಡಿಯದೆ ಆರ್ಡರು ಪಡೆದರು.

ಕಾಕಾ ಮಾತ್ರ ಇವ್ಯಾವನ್ನೂ ನೋಡಲು ನಿಲ್ಲಲಿಲ್ಲ. ಅವರು ನಿರ್ದೋಷಿ ಎಂದು ಮಾಲಕರು ಸಹಿ ಮಾಡಿದ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು, ಫೋರ್‌ಮನ್‌ರ ಬೈಕಿನ ಮೇಲೆ ನೇರ ಬೀಗರ ಊರಿಗೆ ಹೋದರು. ಊರ ಹಿರಿಯರನ್ನು ಕರೆಸಿ, ನಾಲ್ಕು ವರ್ಷದ ಹಿಂದೆ ತಾವು ನಿಂತಿದ್ದ ಅಂಗಳದಲ್ಲೇ ಬೀಗರನ್ನು ನಿಲ್ಲಿಸಿ ಪತ್ರ ಓದಿಸಿದರಂತೆ. "ಎರಡು ಸಲ ಓದಿಸಿದ್ರು. ಮೊದಲನೇ ಸಲ ಹಿಂದ ಕುಂತವರಿಗೆ ಕೇಳಿಸಲಿಲ್ಲ ಅಂತ" ಎಂದು ಫೋರ್‌ಮನ್‌ರು ಹೇಳಿದರು. ಆ ವರ್ಷ ಪಂಚಮಿಗೆ ಮಗಳು ಮೇಡ್ಲೇರಿಗೆ ಬಂದಳು, ಕಂಕುಳಲ್ಲಿ ಅಜ್ಜ ಇನ್ನೂ ನೋಡಿರದ ಮೊಮ್ಮಗಳು.

ಸ್ಟೋರಿನಲ್ಲಿ ಉಳಿಯಿರಿ ಎಂದು ಮಾಲಕರು ಕೇಳಿಕೊಂಡಾಗ ಕಾಕಾ ಒಪ್ಪಲಿಲ್ಲ. ಹೋಗುವ ಮುಂಚೆ ನನ್ನೆದುರಿಗೇ, "ಆ ಸಾಹೇಬನ ಕುರ್ಚ್ಯಾಗ ಈ ಬಾಯಾರ್ನ ಕೂಡ್ರಿಸ್ರಿ" ಎಂದರು. ನನ್ನ ಕಣ್ಣು ತುಂಬಿದವು. ಹೊರಗೆ ಬಂದು ಕೈ ಮುಗಿದೆ. ಅವರು ನನ್ನ ಕೈಗಳನ್ನೇ ನೋಡುತ್ತ ಹೇಳಿದರು: "ಇದು ಬಕ್ಷೀಸ್ ಅಲ್ರಿ. ದಿನಾ ಹತ್ತು ಕಡೆ ಸಹಿ ಮಾಡಬೇಕಾಗತೈತಿ ಅಲ್ಲಿ. ಪ್ರತಿ ಸಹಿಗೂ ನಾ ನೆನಪಾಗಬೇಕು ನಿಮಗ. ಅದಕ್ಕ ಕೂಡ್ರಿಸೇನಿ."

ನೆನಪಾಗದ ದಿನವಿಲ್ಲ. ದರ ಹೋಲಿಸುವುದನ್ನು ಯಂತ್ರ ಕ್ಷಣದಲ್ಲಿ ಮಾಡಿ ಮುಗಿಸುತ್ತದೆ. ಒಪ್ಪಿಗೆ ಎಂಬಲ್ಲಿ ಮಾತ್ರ ನನ್ನ ಬೆರಳು ಬೇಕು. ಅಲ್ಲಿ ಪ್ರತಿ ಸಲ ಒಂದು ಗಳಿಗೆ ತಡೆಯುತ್ತೇನೆ. ಈ ತಡೆಯುವಿಕೆಯಿಂದಲೇ ಎರಡು ಸಲ ಮೋಸ ಸಿಕ್ಕಿದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಹೊಲದಿಂದ ಬಂದು ಕಟ್ಟೆಯ ಮೇಲೆ ಒರಗಿದವರು ಏಳಲಿಲ್ಲ. ನನಗೆ ತಡವಾಗಿ ತಿಳಿದು, ದಿನಗಳೆಲ್ಲ ಮುಗಿದ ಮೇಲೆ ಮೇಡ್ಲೇರಿಗೆ ಹೋದೆ. ಕಾಕು ಈ ಸಲ ನನ್ನ ಮುಂದೆಯೂ ನೀರಿಟ್ಟರು. ಅಳು ಬಂದು, "ಕಾಕಾ ನನ್ನ ಮ್ಯಾಲಿನ ಸಿಟ್ಟು ಬಿಟ್ಟಿದ್ರೇನ್ರಿ?" ಎಂದು ಕೇಳಿಬಿಟ್ಟೆ.

"ಇಲ್ಲವ್ವಾ. ಸುಳ್ಳು ಯಾಕ ಹೇಳ್ಲಿ?" ಅಂದರು ಕಾಕು. "ತಿಂಗಳಿಗೊಮ್ಮೆ ನಿಮ್ಮ ಫೋರ್‌ಮನ್ನಗ ಫೋನ್ ಮಾಡ್ತಿದ್ರು. ಆ ಬಾಯಾರು ಏನರ ತಪ್ಪು ಮಾಡ್ಯಾರೇನು ಅಂತ ಕೇಳೂದು. ಇಲ್ರಿ, ಚಲೋ ನಡಸ್ಯಾರ ಅಂತ ಅವ ಹೇಳಿದ್ರ ಆ ದಿನ ನಮ್ಮ ಮ್ಯಾಲೆ ಸಿಡಿಮಿಡಿ."

ಫೋರ್‌ಮನ್‌ರು ಒಮ್ಮೆಯೂ ನನಗೆ ಇದನ್ನು ಹೇಳಿರಲಿಲ್ಲ. ನಾನು ಏಳಲು ಹೊರಟಾಗ ಕಾಕು ಒಳಗಿನಿಂದ ಗುಂಡಿಗಳ ಹಳೆ ಮೊಬೈಲೊಂದನ್ನು ಸೆರಗಿನಲ್ಲಿ ಒರೆಸುತ್ತ ತಂದರು. "ಇದು ನಂದು. ಅವರ ಫೋನ್ ಮಗಳು ಒಯ್ದಾಳ. ಆ ಫೋರ್‌ಮನ್ನಾರ ನಂಬರ್ ನನಗ ಗೊತ್ತಿಲ್ಲ. ಇದರಾಗ ಹಾಕಿಕೊಡು. ಇನ್ನ ಮ್ಯಾಲೆ ನಾ ಕೇಳ್ತೇನಿ."

ನಂಬರು ಒಂದೊಂದೇ ಅಂಕಿ ಒತ್ತಿ ಹಾಕಿದೆ. ಸರಿಯಾಗಿದೆಯೇ ಎಂದು ಅಲ್ಲಿಂದಲೇ ಒಮ್ಮೆ ಕರೆ ಮಾಡಿ ನೋಡಿದೆ. ಆ ಕಡೆ ರಿಂಗ್ ಆಗತೊಡಗಿದಾಗ ಫೋನನ್ನು ಅವರ ಕೈಗೆ ಕೊಟ್ಟೆ.